ಸಹಿ ಇಲ್ಲದೆ ಕೊಟ್ಟ ರಿಜಿಸ್ಟರ್

ವಿಶ್ವವಿದ್ಯಾಲಯದ ಒಳಾಂಗಣ ಕ್ರೀಡಾಂಗಣದಲ್ಲಿ ಜನ ಕೂತು ಚಪ್ಪಾಳೆ ತಟ್ಟುವ ಮೆಟ್ಟಿಲುಗಳ ಅಡಿಯಲ್ಲೇ ಸ್ಟೋರ್ ಇತ್ತು. ಮೆಟ್ಟಿಲುಗಳ ಇಳಿಜಾರೇ ಅದರ ಸೂರು. ಬಾಗಿಲ ಹತ್ತಿರ ನೆಟ್ಟಗೆ ನಿಲ್ಲಬಹುದು, ನಾಲ್ಕು ಹೆಜ್ಜೆ ಒಳಗೆ ಹೋದರೆ ಬೆನ್ನು ಬಗ್ಗಿಸಬೇಕು, ಮೂಲೆಯ ಪೆಟ್ಟಿಗೆಗೆ ಕೈ ಹಾಕಬೇಕಾದರೆ ಮಂಡಿ ಊರಲೇಬೇಕು. ಚೆಂಡು, ನೆಟ್ಟು, ಗಾಳಿ ಹೊಡೆಯುವ ಪಂಪು, ಮಂಡಿಗೆ ಹಾಕುವ ಪಟ್ಟಿ, ಸುತ್ತುವ ಬ್ಯಾಂಡೇಜು, ನೋವಿನ ಸ್ಪ್ರೇ, ಮಂಜುಗಡ್ಡೆಗೆಂದು ಒಂದು ಮುದಿ ಫ್ರಿಜ್ಜು. ಇಷ್ಟೂ ಆಸ್ತಿಗೆ ಇಪ್ಪತ್ತೊಂದು ವರ್ಷಗಳಿಂದ ಒಡತಿ ಸ್ಟೋರಕ್ಕ.

ಸ್ಟೋರಕ್ಕನ ಸಹಿ ಹುಚ್ಚು ಇಡೀ ಕ್ಯಾಂಪಸ್ಸಿಗೆ ಗೊತ್ತು. ಸಹಿ ಇಲ್ಲದೆ ಒಂದು ಶಟಲ್‌ಕಾಕೂ ಆ ಬಾಗಿಲು ದಾಟಿದ್ದಿಲ್ಲ. ಅಧ್ಯಾಪಕರ ಓಟದ ಸ್ಪರ್ಧೆಗೆ ಸೀಟಿ ಕೇಳಲು ಬಂದ ಡೀನರಿಗೂ "ಇಲ್ಲೊಂದು ಸಹಿ ಸಾರ್" ಎಂದು ಪೆನ್ನು ಚಾಚಿದವಳು. ಸಹಿಯ ಪಕ್ಕದಲ್ಲಿ 'ಕಾರಣ' ಎಂಬ ಒಂದು ಅಂಕಣವಿತ್ತು. ಬೇರೆ ಕಾಲೇಜುಗಳಲ್ಲಿ ಆ ಅಂಕಣದ ತುಂಬ 'ಅಭ್ಯಾಸ', 'ಅಭ್ಯಾಸ' ಎಂದು ಗೀಚಿ ಮುಗಿಸುತ್ತಾರೆ. ಇವಳು ಹಾಗಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷ ತಪಾಸಣೆಗೆ ಬಂದವನೊಬ್ಬ "ಇಷ್ಟೊಂದು ಬ್ಯಾಂಡೇಜು ಎಲ್ಲಿಗೆ ಹೋಗುತ್ತಮ್ಮ, ಮನೆಗಾ?" ಎಂದು ನಕ್ಕಿದ್ದ. ಆ ನಗು ಅವಳ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು. ಅಂದಿನಿಂದ ಕಾರಣವನ್ನು ಕೇಳಿ, ಬಿಡಿಸಿ ಬಿಡಿಸಿ ಬರೆಯತೊಡಗಿದಳು. 'ಎಡ ಮೊಣಕಾಲು. ಹಾಸ್ಟೆಲ್ ಬಚ್ಚಲಲ್ಲಿ ಜಾರಿದ್ದು.' 'ಬಲಗೈ ಬೆರಳು. ಬಾಗಿಲಿಗೆ ಸಿಕ್ಕಿದ್ದು, ಗಾಳಿ ಜೋರಿತ್ತಂತೆ.' ಆಟಗಾರ್ತಿಯರು ಅದನ್ನು ಸ್ಟೋರಕ್ಕನ ಪುರಾಣ ಎಂದು ಕರೆದು, ಬಂದಾಗಲೆಲ್ಲ ಹಳೆಯ ಪುಟ ತಿರುವಿ ನಗುತ್ತಿದ್ದರು.

ನಾಲ್ಕು ವರ್ಷದ ಹಿಂದೆ ಹುಡುಗಿಯರ ವಾಲಿಬಾಲ್ ತಂಡಕ್ಕೆ ಹೊಸ ಕೋಚ್ ಬಂದ. ಬಂದ ವರ್ಷವೇ ಕಪ್ ತಂದ. ಕಪ್ಪನ್ನು ಆಡಳಿತ ಕಟ್ಟಡದ ಗಾಜಿನ ಕಪಾಟಿನಲ್ಲಿ ಇಟ್ಟರು, ಕೋಚನ್ನು ತಲೆಯ ಮೇಲೆ ಇಟ್ಟುಕೊಂಡರು. ಅದೇ ವರ್ಷದಿಂದ ಸ್ಟೋರಿನಲ್ಲಿ ನಗು ಕಡಿಮೆಯಾಯಿತು, ಬ್ಯಾಂಡೇಜು ಹೆಚ್ಚಾಯಿತು. ಕಾರಣ ಕೇಳಿದರೆ ಎಲ್ಲರದೂ ಒಂದೇ ಉತ್ತರ, "ಬಿದ್ದೆ ಅಕ್ಕ." ಸಪಾಟು ನೆಲದ ಮೇಲೆ ವಾರಕ್ಕೆ ಮೂರು ಸಲ ಬೀಳಲು ಇವರೇನು ನಡೆಯಲು ಕಲಿಯುತ್ತಿರುವ ಮಕ್ಕಳೇ?

ಸತ್ಯವನ್ನು ಮೊದಲು ಹೇಳಿದವಳು, ತಂಡದವರೆಲ್ಲ ಏಣಿ ಎಂದು ಕರೆಯುತ್ತಿದ್ದ ಹುಡುಗಿ. ಒಂಬತ್ತನೇ ನಂಬರಿನ ಜೆರ್ಸಿಯವಳು. ಎಲ್ಲರಿಗಿಂತ ಎತ್ತರ, ಸ್ಟೋರಿಗೆ ಬಂದಾಗಲೆಲ್ಲ ಸೂರಿಗೆ ಹಣೆ ಬಡಿಸಿಕೊಳ್ಳುವವಳು. ಅವಳ ಅಳತೆಗೆ ಜೆರ್ಸಿ ಸಿಗದೆ, ಸ್ಟೋರಕ್ಕನ ಗಂಡ, ದರ್ಜಿ, ತೋಳಿಗೆ ಮೂರು ಬೆರಳು ಅಗಲದ ನೀಲಿ ಪಟ್ಟಿ ಸೇರಿಸಿ ಹೊಲಿದುಕೊಟ್ಟಿದ್ದ. ಆ ಹುಡುಗಿಗೆ ಆಟ ಬರೀ ಆಟವಲ್ಲ. ಶುಲ್ಕ ಮಾಫಿ, ಹಾಸ್ಟೆಲ್ಲಿನ ಮಂಚ, ಎರಡು ಹೊತ್ತಿನ ಊಟ, ಎಲ್ಲವೂ ತಂಡದಲ್ಲಿ ಇದ್ದರೆ ಮಾತ್ರ. ತಂಡ ಬಿಟ್ಟರೆ ಓದೂ ಬಿಟ್ಟಂತೆ. ಊರಿಗೆ ಹೋಗಿ ಅಪ್ಪನ ಜೊತೆ ಲಾಂಡ್ರಿಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿಯಬೇಕು.

ಆವತ್ತು ಏಣಿ ಮಂಡಿಗೆ ಮಂಜುಗಡ್ಡೆ ಒತ್ತಿಕೊಂಡು ಸ್ಟೂಲಿನ ಮೇಲೆ ಕೂತಿದ್ದಳು. ಸ್ಟೋರಕ್ಕ ಪೆನ್ನು ಹಿಡಿದು ಕೇಳಿದಳು, "ಏನಂತ ಬರೀಲಿ?"

"ಬಿದ್ದೆ ಅಂತ ಬರೀರಿ."

"ಸುಳ್ಳು ಬರೆಯೋಕೆ ನನ್ನ ಪೆನ್ನಲ್ಲಿ ಇಂಕಿಲ್ಲ ಕಣೆ."

ಹುಡುಗಿ ಬಾಗಿಲ ಕಡೆ ನೋಡಿದಳು. "ಇದನ್ನ ಯಾರಾದ್ರೂ ಓದ್ತಾರಾ ಅಕ್ಕ?"

"ನಾನು, ನೀವು. ಇನ್ಯಾರಿಗೆ ಬೇಕು ಈ ಪುರಾಣ? ಈ ರಿಜಿಸ್ಟರು ಈ ಬಾಗಿಲು ದಾಟಲ್ಲ. ನಾನು ಮಾತು ಕೊಡ್ತೀನಿ."

ಆಗ ಏಣಿ ಬಾಯಿ ಬಿಟ್ಟಳು. ಒಂದು ಪಾಯಿಂಟ್ ಸೋತರೆ ನಲವತ್ತು ಸಲ ಮೆಟ್ಟಿಲು ಹತ್ತಿ ಇಳಿಯಬೇಕು, ಮಂಡಿ ಊದಿದ್ದರೂ ಸರಿ. ತಪ್ಪು ಮಾಡಿದವಳನ್ನು ಕೋಚ್ ಗೋಡೆಗೆ ನಿಲ್ಲಿಸಿ ಮೂರು ಗಜ ದೂರದಿಂದ ಚೆಂಡು ಬಾರಿಸುತ್ತಾನೆ, ಕೈ ಅಡ್ಡ ಇಟ್ಟರೆ ಮತ್ತೆ ಮೊದಲಿನಿಂದ. ನೀರಿನ ಬಾಟಲಿಗಳೆಲ್ಲ ಅವನ ಕುರ್ಚಿಯ ಕೆಳಗೆ. ಸ್ಟೋರಕ್ಕ ಬರೆದಳು: 'ಎಡ ಮೊಣಕಾಲು. ಊದಿದ್ದರೂ ಕೋಚ್ ನಲವತ್ತು ಸಲ ಮೆಟ್ಟಿಲು ಹತ್ತಿಸಿದ್ದರಿಂದ.' ಆಮೇಲೆ ಒಬ್ಬೊಬ್ಬರಾಗಿ ಇನ್ನೂ ಐದು ಜನ ಹೇಳತೊಡಗಿದರು. ಎರಡು ವರ್ಷದಲ್ಲಿ ರಿಜಿಸ್ಟರು ತುಂಬುತ್ತಾ ಬಂತು.

ಅವಳು ಸುಮ್ಮನೆ ಬರೆದುಕೊಂಡು ಕೂತಿರಲಿಲ್ಲ. ಕುಲಪತಿಗಳಿಗೆ ಹೇಳಿದ್ದಳು. ಕುಲಪತಿಗಳೆಂದರೆ ಅವಳ ಪಾಲಿಗೆ ದೂರದವರಲ್ಲ. ಬರೀ ಮೇಷ್ಟ್ರಾಗಿದ್ದ ಕಾಲದಿಂದ ಸಂಜೆ ಶಟಲ್ ಆಡಲು ಬಂದು, ಅವಳ ಸ್ಟೂಲಿನ ಮೇಲೆ ಕೂತು ಬೂಟಿನ ಲೇಸು ಕಟ್ಟಿಕೊಂಡು, ಅವಳ ಫ್ಲಾಸ್ಕಿನ ಟೀ ಕುಡಿದವರು. ದೊಡ್ಡ ಕುರ್ಚಿಗೆ ಹೋದ ಮೇಲೂ ಅವರ ಬ್ಯಾಟು ಸ್ಟೋರಿನ ಮೊಳೆಗೇ ನೇತಾಡುತ್ತಿತ್ತು. "ಏನಮ್ಮಾ, ನಿನ್ನ ಸಾಮ್ರಾಜ್ಯ ಹೇಗಿದೆ?" ಎಂದೇ ಒಳಗೆ ಬರುತ್ತಿದ್ದರು. ಎರಡು ವರ್ಷದ ಹಿಂದೆ ಹೀಗೆ ಬಂದಾಗ, ಹುಡುಗಿಯರ ಹೆಸರೆತ್ತದೆ ಅವಳು ಕೋಚಿನ ವಿಷಯ ಎತ್ತಿದ್ದಳು. ಅವರು ಲೇಸು ಬಿಗಿಯುತ್ತಾ, "ಗೆಲ್ಲಿಸೋ ಕೋಚು ಸ್ವಲ್ಪ ಖಾರವಾಗೇ ಇರ್ತಾನಮ್ಮ. ನಾನು ಕರೆದು ಮಾತಾಡ್ತೀನಿ" ಎಂದಿದ್ದರು. ಅವಳು ನಂಬಿ ಹಗುರಾಗಿದ್ದಳು.

ಈ ವರ್ಷ ತಂಡದ ಅತಿ ಚಿಕ್ಕ ಹುಡುಗಿಯೊಬ್ಬಳು ಜ್ವರದಲ್ಲಿ ಮೆಟ್ಟಿಲು ಹತ್ತುತ್ತಾ ಪ್ರಜ್ಞೆ ತಪ್ಪಿ ಬಿದ್ದಳು. ಮೂರು ದಿನ ಆಸ್ಪತ್ರೆ. ಅವಳ ತಾಯಿ ಆಡಳಿತ ಕಟ್ಟಡದ ಮುಂದೆ ನಿಂತು ಗಂಟಲು ಹರಿಯುವಂತೆ ಕೂಗಿದ್ದು ಪತ್ರಿಕೆಯಲ್ಲೂ ಬಂತು. ಕುಲಪತಿಗಳು ವಿಚಾರಣಾ ಸಮಿತಿ ಮಾಡಿದರು. ಮಾರನೆಯ ದಿನ ಸ್ಟೋರಕ್ಕನಿಗೆ ಅವರ ಕೋಣೆಯಿಂದ ಕರೆ ಬಂತು.

ಅವಳಿಗೆ ಕುರ್ಚಿ ಕೊಟ್ಟರು, ಟೀ ತರಿಸಿದರು. "ಹುಡುಗಿಯರು ಸಮಿತಿ ಮುಂದೆ ತುಟಿ ಪಿಟಕ್ಕೆನ್ನಲ್ಲ ಕಣಮ್ಮ. ನನಗೆ ಸತ್ಯ ಬೇಕು. ಅದು ನಿನ್ನ ರಿಜಿಸ್ಟರಲ್ಲಿ ಇದೆ ಅಂತ ನನಗೆ ಗೊತ್ತು."

"ಅದು ಹೊರಗೆ ಹೋಗಲ್ಲ ಅಂತ ಮಾತು ಕೊಟ್ಟಿದೀನಿ ಸಾರ್."

"ನಾನು ಹೊರಗಿನವನಾ? ಹೆಸರು ಒಂದೂ ಆಚೆ ಬರಲ್ಲ. ಉಳಿದದ್ದು ನನಗೆ ಬಿಡು."

ಸಂಜೆ ಅವಳು ಏಣಿಯನ್ನು ಕರೆದು ಕೇಳಿದಳು. ಹುಡುಗಿ ಸೂರು ನೋಡಿದಳು. "ಅವರನ್ನ ನೀವು ನಂಬ್ತೀರಾ ಅಕ್ಕ?"

"ನನ್ನ ಒಡಹುಟ್ಟಿದ ಅಣ್ಣನಿಗಿಂತ ಹೆಚ್ಚು."

"ಹಾಗಾದ್ರೆ ಕೊಡಿ. ಉಳಿದವರಿಗೆ ನಾನು ಹೇಳ್ತೀನಿ."

ರಿಜಿಸ್ಟರನ್ನು ಹಳೆಯ ಟವಲಿನಲ್ಲಿ ಸುತ್ತಿ, ಮಗುವನ್ನು ಒಯ್ಯುವಂತೆ ಒಯ್ದು ಅವರ ಕೈಗೇ ಕೊಟ್ಟು ಬಂದಳು. ರಾತ್ರಿ ಊಟಕ್ಕೆ ಕೂತಾಗ ದರ್ಜಿ ಗಂಡ ಕೇಳಿದ, "ಸಹಿ ತಗೊಂಡ್ಯಾ?"

"ಅಂಥವರ ಹತ್ತಿರ ಸಹಿ ಕೇಳ್ತಾರಾ ಯಾರಾದ್ರೂ?"

"ಸೂಜಿ ಬೇಕು ಅಂದ್ರೆ ನನ್ನ ಹತ್ತಿರಾನೇ ಸಹಿ ಕೇಳೋಳು ನೀನು."

"ನೀವು ಸೂಜಿ ವಾಪಸ್ ಕೊಡಲ್ಲ, ಅದಕ್ಕೆ" ಎಂದು ಅವಳು ನಕ್ಕಳು. ಇಪ್ಪತ್ತೊಂದು ವರ್ಷದಲ್ಲಿ ಸಹಿ ಇಲ್ಲದೆ ಅವಳು ಹೊರಗೆ ಬಿಟ್ಟ ವಸ್ತು ಅದೊಂದೇ.

ಮೂರು ವಾರ ಕಳೆಯಿತು. ಒಂದು ಬೆಳಿಗ್ಗೆ ಸೂಚನಾ ಫಲಕದ ಮುಂದೆ ಹುಡುಗಿಯರು ಗುಂಪುಗಟ್ಟಿ ನಿಂತಿದ್ದರು. ಸ್ಟೋರಕ್ಕ ಕನ್ನಡಕ ಏರಿಸಿಕೊಂಡು ಓದಿದಳು. ಮೊದಲ ಪುಟ ಸಮಿತಿಯ ವರದಿಯ ಸಾರಾಂಶ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಹ ಭಾಷೆ. ತರಬೇತಿ ಶಿಸ್ತಿನದು, ಆರೋಪಕ್ಕೆ ಆಧಾರ ಕಂಡುಬಂದಿಲ್ಲ, ಆದರೂ ಕೋಚಿಗೆ ಸಂಯಮದ ಸಲಹೆ ನೀಡಲಾಗಿದೆ. ಅವಳು ಎರಡನೇ ಪುಟಕ್ಕೆ ಬಂದಳು. ಆರೋಗ್ಯದ ಹಿತದೃಷ್ಟಿಯಿಂದ ಆರು ಆಟಗಾರ್ತಿಯರನ್ನು ತಂಡದಿಂದ ಕೈಬಿಡಲಾಗಿದೆ. ಒಂಬತ್ತನೇ ನಂಬರ್: ಹದಿನಾಲ್ಕು ಬಾರಿ ಗಾಯ. ಎಡ ಮೊಣಕಾಲು, ಎಡ ಮೊಣಕಾಲು, ಬಲ ಭುಜ, ಎಡ ಮೊಣಕಾಲು. ಪದೇ ಪದೇ ಗಾಯಗೊಳ್ಳುವ ದೇಹಸ್ಥಿತಿ. ಆಧಾರ: ಸ್ಟೋರ್ ದಾಖಲೆ.

ಅವಳದೇ ಮಾತುಗಳು. ಪ್ರತಿ ಕಾರಣದ ಮೊದಲ ಎರಡು ಪದ ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸಿದ್ದರು. ಮೊಣಕಾಲು ಉಳಿದಿತ್ತು, ಮೆಟ್ಟಿಲು ಹೋಗಿತ್ತು. ಭುಜ ಉಳಿದಿತ್ತು, ಗೋಡೆ ಹೋಗಿತ್ತು. ಸತ್ಯ ಹೇಳಿದ ಆರು ಜನ ಯಾರೆಂದು ಯಾರೂ ಹುಡುಕಬೇಕಾಗಿರಲಿಲ್ಲ, ಅವಳೇ ದುಂಡನೆಯ ಅಕ್ಷರದಲ್ಲಿ ಬರೆದುಕೊಟ್ಟಿದ್ದಳು. ಹುಡುಗಿಯರು ಅವಳ ಕಡೆ ನೋಡಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ನೇರ ಕುಲಪತಿಗಳ ಕೋಣೆಗೆ ಹೋದಳು. ಆಪ್ತ ಸಹಾಯಕ ಎರಡು ಗಂಟೆ ಕಾಯಿಸಿದ. ಒಳಗೆ ಹೋದಾಗ ಕುರ್ಚಿ ತೋರಿಸಲಿಲ್ಲ.

"ನೋಡಿ, ನೀವು ಭಾವುಕರಾಗಬಾರದು" ಎಂದರು ಕುಲಪತಿಗಳು. ಇಷ್ಟು ವರ್ಷ 'ನೀನು' ಎಂದ ಬಾಯಲ್ಲಿ ಈಗ 'ನೀವು' ಬಂತು.

"ಹೆಸರು ಆಚೆ ಬರಲ್ಲ ಅಂದಿದ್ರಿ ಸಾರ್."

"ಹೆಸರು ಎಲ್ಲಿ ಹಾಕಿದೀವಿ? ಬರೀ ನಂಬರು."

ಅವರು ಕಿಟಕಿಯ ಕಡೆ ತಿರುಗಿ, ದನಿ ತಗ್ಗಿಸಿದರು. "ಅವನನ್ನ ಈಗ ತೆಗೆದ್ರೆ ಮೊದಲ ಪ್ರಶ್ನೆ ನನಗೇ ಬರುತ್ತೆ. ನಾಲ್ಕು ವರ್ಷ ನೀವೇನು ನೋಡ್ತಾ ಇದ್ರಿ ಅಂತ. ನನಗೆ ಇನ್ನೊಂದು ಅವಧಿ ಕೊಡೋ ಮಾತು ನಡೀತಾ ಇದೆ. ನಾನು ಇಲ್ಲಿದ್ರೆ ತಾನೆ ನಿಮ್ಮಂಥವರಿಗೂ ಒಳ್ಳೇದು?"

"ಎರಡು ವರ್ಷದ ಹಿಂದೆ ನಾನೇ ಹೇಳಿದ್ದೆ ನಿಮಗೆ. ಆ ಸ್ಟೂಲ್ ಮೇಲೆ ಕೂತಿದ್ರಿ."

"ನನಗೆ ನೆನಪಿಲ್ಲ."

"ನನ್ನ ರಿಜಿಸ್ಟರ್ ವಾಪಸ್ ಕೊಡಿ. ಪೂರ್ತಿ ಓದಿದ್ರೆ ಯಾರಿಗಾದ್ರೂ ತಿಳಿಯುತ್ತೆ."

"ಅದು ಸಮಿತಿ ಹತ್ತಿರ ಇರಬೇಕು. ಇಲ್ಲಾಂದ್ರೆ ಎಲ್ಲಿದೆಯೋ." ಅವರು ಕಾಗದಗಳನ್ನು ಜೋಡಿಸಿಕೊಂಡರು. "ನೀವು ಯಾರಿಗೆ ಕೊಟ್ರಿ ಅನ್ನೋದಕ್ಕೆ ಸಹಿ ಏನಾದ್ರೂ ಇದೆಯಾ?"

ಎಷ್ಟು ಮೆತ್ತಗೆ ಕೇಳಿದರೆಂದರೆ, ಅವಳ ಕ್ಷೇಮ ವಿಚಾರಿಸುತ್ತಿದ್ದಾರೇನೋ ಎನಿಸುವಂತಿತ್ತು. ಇಪ್ಪತ್ತೊಂದು ವರ್ಷ ತನ್ನ ಟೀ ಕುಡಿದವರು ತನ್ನ ಸಹಿ ಹುಚ್ಚನ್ನು ಚೆನ್ನಾಗಿ ಬಲ್ಲವರು, ಸಹಿ ಕೇಳಲಾರದಷ್ಟು ತಾನು ಅವರನ್ನು ನಂಬಿದ್ದೂ ಅವರಿಗೆ ಗೊತ್ತಿತ್ತು. ಅವಳು ಹೊರಗೆ ಬಂದು, ಗಾಜಿನ ಕಪಾಟಿನಲ್ಲಿ ಫಳಫಳ ಹೊಳೆಯುವ ಕಪ್ಪಿನ ಮುಂದೆ ಸ್ವಲ್ಪ ಹೊತ್ತು ನಿಂತಳು. ಉಗಿಯಬೇಕೆನಿಸಿತು, ಉಗಿಯಲಿಲ್ಲ. ಸ್ಟೋರಿಗೆ ಬಂದು ಮೊಳೆಗೆ ನೇತಾಡುತ್ತಿದ್ದ ಬ್ಯಾಟನ್ನು ತೆಗೆದು, ಅವರ ಆಪ್ತ ಸಹಾಯಕನಿಗೆ ಕೊಟ್ಟು, ಸಹಿ ಹಾಕಿಸಿಕೊಂಡು ಬಂದಳು.

ಎರಡು ದಿನದ ಮೇಲೆ ಏಣಿ ಬಂದಳು. ಕೈಯಲ್ಲಿ ಕಿಟ್ ಬ್ಯಾಗು, ಹೆಗಲಿಗೆ ಊರಿಗೆ ಹೊರಟ ಚೀಲ. ಹಾಸ್ಟೆಲ್ ಬಿಡಬೇಕಾದರೆ ಸ್ಟೋರಿನದೇನೂ ಬಾಕಿ ಇಲ್ಲವೆಂದು ಬರೆಸಿಕೊಂಡು ಹೋಗಬೇಕು. ಈ ಸಲ ಅವಳು ತಲೆ ಬಗ್ಗಿಸಿಕೊಂಡೇ ಒಳಗೆ ಬಂದಳು, ಸೂರಿಗೆ ಹಣೆ ಬಡಿಯಲಿಲ್ಲ.

ಬೂಟು, ಮಂಡಿಪಟ್ಟಿ ಎರಡು, ಟ್ರ್ಯಾಕ್‌ಸೂಟು. ಕೊನೆಗೆ ಒಗೆದು ಇಸ್ತ್ರಿ ಮಾಡಿದ ಒಂಬತ್ತನೇ ನಂಬರಿನ ಜೆರ್ಸಿ. ತೋಳಿನ ನೀಲಿ ಪಟ್ಟಿ ಮೇಲೆ ಬರುವಂತೆ ಮಡಿಸಿತ್ತು. ಸ್ಟೋರಕ್ಕ ಅದನ್ನು ಮುಟ್ಟಿದಳು. "ಇದನ್ನ ಇಟ್ಕೋ. ಇನ್ಯಾರಿಗೂ ಆಗಲ್ಲ."

"ಬೇಡ ಅಕ್ಕ."

"ನಾನು ಬೇಕಂತ ಮಾಡಲಿಲ್ಲ ಕಣೆ."

"ಗೊತ್ತು" ಎಂದಳು ಹುಡುಗಿ. ಆ ಮಾತಿನಲ್ಲಿ ಕ್ಷಮೆ ಇರಲಿಲ್ಲ.

ಸ್ಟೋರಕ್ಕ ಹೊಸ ರಿಜಿಸ್ಟರು ತೆರೆದಳು. ಆಡಳಿತ ಕಚೇರಿಯಿಂದ ಹೊಸದಾಗಿ ಅಚ್ಚು ಹಾಕಿಸಿ ಕಳಿಸಿದ್ದರು. ಅದರಲ್ಲಿ 'ಕಾರಣ' ಎಂಬ ಅಂಕಣವೇ ಇರಲಿಲ್ಲ. ಅವಳು ಸ್ಕೇಲು ಇಟ್ಟು ಪುಟದ ಅಂಚಿನಲ್ಲಿ ಗೆರೆ ಎಳೆದು, ಮೇಲೆ 'ಕಾರಣ' ಎಂದು ಬರೆದಳು. ತಾರೀಖು ಹಾಕಿದಳು, ವಸ್ತುಗಳನ್ನು ಬರೆದಳು. ಅಭ್ಯಾಸಬಲದಿಂದ ಪೆನ್ನು ಹಿಡಿದು ತಲೆ ಎತ್ತಿದಳು. "ಏನಂತ..." ಎಂದು ಅರ್ಧಕ್ಕೆ ನಿಲ್ಲಿಸಿದಳು.

ಏಣಿ ಒಳಗೆ ಬಂದ ಮೇಲೆ ಮೊದಲ ಸಲ ಅವಳ ಕಣ್ಣಿಗೆ ಕಣ್ಣು ಕೊಟ್ಟು ನೋಡಿದಳು. "ನೀವೇ ಬರೀರಿ ಅಕ್ಕ. ನೀವು ಎಲ್ಲಾ ಚೆನ್ನಾಗಿ ಬರೀತೀರಿ."

ಸ್ಟೋರಕ್ಕ ತಲೆ ತಗ್ಗಿಸಿ ಬರೆದಳು. ಈ ಸಲ ಮೊಣಕಾಲಿನಿಂದ ಶುರು ಮಾಡಲಿಲ್ಲ, ಮೊದಲ ಎರಡು ಪದ ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸಿದರೂ ಸುಳ್ಳಾಗದಂತೆ ಬರೆದಳು: 'ಕುಲಪತಿಗಳು ಕೈಕೊಟ್ಟರು. ನಂಬಿ ಇವಳ ಗುಟ್ಟನ್ನು ಅವರಿಗೆ ಕೊಟ್ಟವಳು ನಾನು.' ಕೆಳಗೆ ತನ್ನ ಸಹಿ ಹಾಕಿ, ರಿಜಿಸ್ಟರನ್ನು ಹುಡುಗಿಯ ಕಡೆ ತಿರುಗಿಸಿದಳು.

ಏಣಿ ಓದಿದಳು, ಇನ್ನೊಂದು ಸಲ ಓದಿದಳು. ತನ್ನ ಸಹಿ ಹಾಕಿದಳು. ಆಮೇಲೆ ಜೇಬಿನಿಂದ ಫೋನು ತೆಗೆದು ಆ ಪುಟದ ಫೋಟೋ ಹೊಡೆದುಕೊಂಡು, ಚೀಲ ಹೆಗಲಿಗೇರಿಸಿ ಹೊರಟುಹೋದಳು.