ಸರ್ ಗಂಟಲಿನಲ್ಲಿ ಮನೆಯ ಪಾಲು

ಅಣಕಿಸಿಕೊಂಡವನಿಗೆ ತನ್ನ ಗುರುತು ತನಗೇ ಹತ್ತುವುದಿಲ್ಲ ಎಂಬುದು, ಈ ವಿದ್ಯೆಯಲ್ಲಿ ಅಲ್ಪಸ್ವಲ್ಪ ಅಪಕೀರ್ತಿ ಗಳಿಸಿರುವ ನಾನು ಕಂಡುಕೊಂಡ ಸತ್ಯ. ಸಿಂಧನೂರಿನಲ್ಲಿ ನಾನು ಕೆಲಸಕ್ಕಿರುವ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯ ಸಾವುಕಾರರು, ಗಿರಾಕಿಗೆ ಇಲ್ಲ ಎನ್ನುವ ಮೊದಲು ಮೂಗಿನಿಂದ ಒಂದು ದೀರ್ಘವಾದ ಆಲಾಪ ಹೊರಡಿಸುತ್ತಾರೆ. ಅದನ್ನು ನಾನು ಅವರೆದುರೇ ಹೊರಡಿಸಿದಾಗ ಅಂಗಡಿಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರೆ, ಅವರು ಮಾತ್ರ "ಯಾರಲೇ ಇವ, ನೆಗಡಿ ಆದಾವ?" ಎಂದು ಕಳಕಳಿಯಿಂದ ವಿಚಾರಿಸಿದರು. ಈ ಕುರುಡು ನನಗೂ ತಪ್ಪಿದ್ದಲ್ಲ. ನನ್ನ ತಂಗಿ ನನ್ನನ್ನು ಅಣಕಿಸಿದರೆ ಯಾವನೋ ಜಂಬಗಾರ ಮಾತಾಡಿದಂತೆ ಕೇಳುತ್ತದೆ. ಮನೆಮಂದಿಯೆಲ್ಲ ಹೌದುಹೌದು ಎನ್ನುತ್ತಾರೆ. ನನಗಂತೂ ಆ ಮನುಷ್ಯನ ಪರಿಚಯವೇ ಇಲ್ಲ.

ಈ ನಿಯಮಕ್ಕೆ ಅಪವಾದವಾಗಿದ್ದವರು ಅಮರೇಶಪ್ಪ ಸರ್ ಒಬ್ಬರೇ. ಸಂತೆಕಲ್ಲೂರಿನ ನಮ್ಮ ಹೈಸ್ಕೂಲಿನಲ್ಲಿ ಸಂಬಳಕ್ಕೆ ಗಣಿತವನ್ನೂ ಸಂತೋಷಕ್ಕೆ ಖೋಖೋವನ್ನೂ ಕಲಿಸುತ್ತಿದ್ದವರು. ಮಸ್ಕಿಯಿಂದ ಮೊದಲ ಬಸ್ಸಿಗೆ ಬಂದವರು ಚೆಂಡು ಕಾಣದಷ್ಟು ಕತ್ತಲಾದರೂ ಮೈದಾನ ಬಿಡುತ್ತಿರಲಿಲ್ಲ. ಖೋಖೋದಲ್ಲಿ ಚೆಂಡೇ ಇಲ್ಲವಲ್ಲ, ಬಿಡಲು ನೆಪವಾದರೂ ಏನಿತ್ತು? ಸಾಲಾಗಿ ಕುಳಿತವರಲ್ಲಿ ಒಬ್ಬನ ಬೆನ್ನನ್ನು ಹಿಂದಿನಿಂದ ತಟ್ಟಿ 'ಖೋ' ಎಂದಾಗಲೇ ಅವನು ಎದ್ದು ಓಡಬೇಕೆಂಬುದು ಆಟದ ನಿಯಮ. ಸರ್ ಇದನ್ನು ಗಣಿತಕ್ಕೂ ವಿಸ್ತರಿಸಿದ್ದರು. ಹಲಗೆಯ ಮೇಲೆ ಲೆಕ್ಕ ಬರೆದು, ಬೆಂಚುಗಳ ಹಿಂದೆ ಸದ್ದಿಲ್ಲದೆ ಅಡ್ಡಾಡಿ, ಯಾರದೋ ಬೆನ್ನು ತಟ್ಟಿ "ಖೋ" ಎಂದರೆ ಆ ಪುಣ್ಯಾತ್ಮ ಎದ್ದು ಹಲಗೆಗೆ ಓಡಬೇಕು. ಹೊರಳಿ ನೋಡುವುದು ಫೌಲ್. ಹಿಂದಿನ ಬೆಂಚೇ ಸುರಕ್ಷಿತವೆಂಬ ಸಾರ್ವತ್ರಿಕ ಸಿದ್ಧಾಂತ ನಮ್ಮ ಶಾಲೆಯಲ್ಲಿ ಹೀಗೆ ನೆಲಕಚ್ಚಿತು.

ಒಂದು ದಿನ ಅವರಿನ್ನೂ ಬಂದಿಲ್ಲವೆಂಬ ಧೈರ್ಯದಲ್ಲಿ ನಾನು ತರಗತಿಯ ನಡುವೆ ನಿಂತು ಅಮರೇಶಪ್ಪ ಸರ್ ಆಗಿದ್ದೆ. ಎದುರಿನ ಮುಖಗಳೆಲ್ಲ ಒಮ್ಮೆಲೇ ಗಂಭೀರವಾದವು. ಬೆನ್ನ ಮೇಲೆ ಕೈ ಬಿತ್ತು.

"ಖೋ. ಇನ್ನೊಮ್ಮೆ ಮಾಡಲೇ."

"ಏಳ್ರಲೇ, ಬೇರು ಬಿಟ್ಟೀರೇನು ನೆಲಕ್ಕ" ಎಂದೆ.

"ನಾನೇ ಹೌದು" ಎಂದು ಸರ್ ಒಪ್ಪಿದರು. "ಆದ್ರ ಕಡೀಕ ದನಿ ಇಳಿಸ್ತೀದಿ. ಇಳಿಸಬಾರ್ದು. ಆ ತುದೀಗೆ ಕುಂತ ಹುಡುಗಗ ಮುಟ್ಟಬೇಕದು."

ಹೀಗೆ ಸರ್ ತಮ್ಮ ಅಣಕಕ್ಕೂ ತಾವೇ ತರಬೇತಿ ಕೊಟ್ಟರು. ಆ ದನಿ ಎಂಥದೆಂದರೆ, ಲಿಂಗಸುಗೂರಿನ ಪಂದ್ಯವೊಂದರಲ್ಲಿ ಸರ್ ಅಂಚಿನಿಂದ ನಮ್ಮವರಿಗೆ "ಓಡಲೇ" ಎಂದು ಗರ್ಜಿಸಿದರೆ, ಎದುರಾಳಿ ತಂಡದಲ್ಲಿ ಕುಳಿತಿದ್ದ ಹುಡುಗನೊಬ್ಬ ಬೆನ್ನಿಗೆ ಕೈ ಬೀಳದೆಯೇ ಎದ್ದು ನಿಂತುಬಿಟ್ಟ. ನಿಯಮದ ಪ್ರಕಾರ ಫೌಲ್. ಸರ್ ಅಂಪೈರರ ಬಳಿಗೆ ಹೋಗಿ, "ಹುಡುಗನ ತಪ್ಪಲ್ರೀ, ನನ್ನ ಗಂಟಲದ್ದು" ಎಂದು ವಾದಿಸಿ, ನಮಗೆ ಅನುಕೂಲವಾಗಿದ್ದ ಆ ಫೌಲನ್ನು ರದ್ದು ಮಾಡಿಸಿದರು. ನಾವು ಮಸ್ಕಿಯವರೆಗೂ ಅವರೊಡನೆ ಮಾತು ಬಿಟ್ಟಿದ್ದೆವು. ಅವರು ಅದನ್ನು ಗಮನಿಸಲೇ ಇಲ್ಲ, ಮುಂದಿನ ಪಂದ್ಯದ ಕುರಿತು ಬಸ್ಸಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದರು.

ಈ ವರ್ಷ ಸರ್ ತೀರಿಕೊಂಡರು. ಶಾಲೆಯ ಮೈದಾನದಲ್ಲಿ ನುಡಿನಮನ ಏರ್ಪಡಿಸಿದ ಹಳೆಯ ವಿದ್ಯಾರ್ಥಿಗಳು, ನೆಟ್ಟಗೆ ಮಾತಾಡಬಲ್ಲವರೆಲ್ಲ ಮುಗಿದ ಮೇಲೆ ನನ್ನ ಕೈಗೂ ಮೈಕು ಕೊಟ್ಟರು. ನನಗೆ ನನ್ನ ಮಾತು ಬರುವುದಿಲ್ಲ. ಸರ್ ಮಾತನ್ನೇ ಆಡಿದೆ. ಜನ ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. ಮುಂದಿನ ಸಾಲಿನಲ್ಲಿದ್ದ ಸರ್ ಹೆಂಡತಿ ಗಂಗಮ್ಮನವರು ಮಾತ್ರ ನಗಲೂ ಇಲ್ಲ, ಅಳಲೂ ಇಲ್ಲ. ಅಪರಿಚಿತನನ್ನು ನೋಡುವಂತೆ ನೋಡುತ್ತ ಕುಳಿತಿದ್ದರು. ಮರುದಿನವೇ ಮನೆಗೆ ಬಾ ಎಂದು ಹೇಳಿಕಳಿಸಿದರು.

ಬೈಸಿಕೊಳ್ಳಲು ಬೇಕಾದ ಮುಖಭಾವವನ್ನು ದಾರಿಯುದ್ದಕ್ಕೂ ಅಭ್ಯಾಸ ಮಾಡುತ್ತ ಮಸ್ಕಿಗೆ ಹೋದೆ. ಅವರು ಮೊರದಲ್ಲಿ ಜೋಳ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು.

"ನಿನ್ನೆ ಮಾಡಿದ್ಯಲ್ಲಪಾ, ಅದನ್ನ ಇನ್ನೊಮ್ಮೆ ಮಾಡು. ಮೈಕಿಲ್ಲದ."

ಮಾಡಿದೆ. ಅವರ ಕೈ ಜೋಳದ ಮೇಲೆ ನಿಂತಿತು.

"ಎಲ್ಲಾರೂ ಸರ್ನ ಕಂಡಂಗಾತು ಅಂದ್ರು. ನಂಗೊಬ್ಬಾಕಿಗೆ ಗುರುತು ಹತ್ತಲಿಲ್ಲ. ಈಗೂ ಹತ್ತವಲ್ದು. ಫೋಟೋ ಐತಿ, ಅಂಗಿ ಅದಾವ, ದನಿ ಒಂದು ಎಲ್ಲೂ ಇಟ್ಟಿಲ್ಲ. ಇಷ್ಟ ದಿನದಾಗ ನನ್ನ ಕಿವಿ ಅವರನ್ನ ಮರೀತೇನಪಾ ಅಂತ ರಾತ್ರಿ ನಿದ್ದಿ ಬರಲಿಲ್ಲ."

ನನ್ನ ಕಸುಬಿನ ಅಹಂಕಾರವೆಲ್ಲ ಅಲ್ಲೇ ಉದುರಿತು. ಏನಾದರೂ ಹೇಳಬೇಕೆಂದು, "ಅಮ್ಮಾರ, ನೀವು ಮೈದಾನಕ್ಕ ಯಾವಾಗರ ಬಂದಿದ್ರೇನ್ರಿ?" ಎಂದು ಕೇಳಿದೆ.

"ಎಲ್ಲೀದು. ನನಗ್ಯಾಕ ಖೋಖೋ?"

"ಮತ್ತ ಮನ್ಯಾಗ ಸರ್ ಒದರ್ತಿದ್ದಿಲ್ಲೇನ್ರಿ?"

"ಒದರಾಕ ಗಂಟಲ ಇರಬೇಕಲ್ಲ. ಬೆಳಗಿಂದ ಸಂಜೀತನಕ ನಿಮ್ಮ ಮ್ಯಾಲೆ ಖರ್ಚು ಮಾಡಿ ಬರ್ತಿದ್ರು. ಬಂದು ಉಪ್ಪುನೀರು ಮುಕ್ಕಳಿಸಿ ಸುಮ್ನ ಕೂಡೋರು. ಕರದ್ರ ಹಿಂಗ ಕರೀತಿದ್ರು" ಎಂದವರು ಬಾಗಿಲ ಕಡೆಗೆ ಅರ್ಧ ಹೊರಳಿ, ಎದುರಿಗಿದ್ದವರಿಗೂ ಕೇಳದಷ್ಟು ಸಣ್ಣದಾಗಿ, "ಗಂಗಾ, ಉಂಡೇನು?" ಎಂದರು.

ಅಷ್ಟೇ. ಅನುಕರಣೆಯೆಂಬುದನ್ನು ಎಂದೂ ಮಾಡಿರದ ಆ ಬಾಯಿಂದ ಒಬ್ಬ ದಣಿದ, ಮೆತ್ತಗಿನ, ಸ್ವಲ್ಪ ನಾಚಿಕೆಯ ಗಂಡಸು ಹೊರಬಂದು ನಮ್ಮ ನಡುವೆ ಕುಳಿತ. ಆತನನ್ನು ನಾನು ನೋಡಿಯೇ ಇರಲಿಲ್ಲ. ನಾವೆಲ್ಲ ವರ್ಷಗಟ್ಟಲೆ ಈ ಮನೆಯ ಪಾಲಿನ ದನಿಯನ್ನೂ ಮೈದಾನದಲ್ಲೇ ಉಂಡು ಮುಗಿಸಿದ್ದೆವು. ಉಳಿದಷ್ಟನ್ನು ಈಕೆ ಜೋಪಾನ ಮಾಡಿದ್ದರು.

"ಮರ್ತಿಲ್ರಿ ನೀವು" ಎಂದೆ. "ನನಗೇ ಈ ದನಿ ಗೊತ್ತಿದ್ದಿಲ್ಲ."

ಅವರು ಏನೋ ನಿರಾಳವಾದವರಂತೆ ಮೊರವನ್ನು ಮತ್ತೆ ತೊಡೆಯ ಮೇಲೆಳೆದುಕೊಂಡರು. "ನೀ ಮಾಡು ನೋಡೂಣು."

ಮಾಡಿದೆ.

"ಅಲ್ಲ. ಇನ್ನ ಸಣ್ಣಗ."

ಮತ್ತೆ ಮಾಡಿದೆ.

"ಹೆಸರ ಒತ್ತಿ ಕರೀತೀದಿ. ಅವರು ಒತ್ತುತಿದ್ದಿಲ್ಲ. ಕಡೀಕ ದನಿ ಇಳೀಬೇಕು."

ಇಳಿಸಲು ಬಾರದ ನನ್ನ ಗಂಟಲು ಅಂದು ಬಹಳ ಪೇಚಾಡಿತು. ಆಕೆ ತಲೆ ತಗ್ಗಿಸಿ ಕಲ್ಲು ಆರಿಸುತ್ತಲೇ ತಿದ್ದುತ್ತಿದ್ದರು. ಬೇಸತ್ತು ಕೊನೆಗೊಮ್ಮೆ ಪ್ರಯತ್ನವನ್ನೇ ಬಿಟ್ಟು, ಬರೀ ಉಸಿರಿನಲ್ಲಿ ಅಂದೆ: "ಗಂಗಾ, ಉಂಡೇನು?"

"ಹೂಂ, ಬಂದ್ನಿ ತಡೀರಿ" ಎಂದರು ಗಂಗಮ್ಮನವರು, ತಲೆಯೆತ್ತದೆ.