ಕನ್ನಡಿಯೋ, ತಾಳವೋ?

ಈಚೆಗೆ ನನ್ನ ನಡಿಗೆ ಕೆಟ್ಟಿದೆ. ರಾಮತೀರ್ಥ ನಗರದ ನಮ್ಮ ಮನೆಯಿಂದ ಕಿರಾಣಿ ಅಂಗಡಿಗೆ ಹೊರಟರೂ ಕಣ್ಣು ರಸ್ತೆಯ ಮೇಲಿರುವುದಿಲ್ಲ. ಯಾರದೋ ಕಿಟಕಿಯ ಜಾಳಿಗೆ, ಯಾರದೋ ಬಾಗಿಲ ಚೌಕಟ್ಟಿನ ಬಳ್ಳಿಗೆ ಹೋಗಿ ಅಂಟಿಕೊಳ್ಳುತ್ತದೆ. ಮೊನ್ನೆ ಒಂದು ಗೇಟಿನ ಮೇಲಿನ ಸಿಮೆಂಟಿನ ಸಿಂಹವನ್ನು ನೋಡುತ್ತ ನಿಂತಿದ್ದಾಗ ಮನೆಯೊಡತಿ ಹೊರಗೆ ಬಂದು, "ಯಾರು ಬೇಕಾಗಿತ್ರಿ?" ಎಂದರು. "ಸಿಂಹ" ಎಂದೆ. ಅವರು ಒಳಗೆ ಹೋಗಿ ಚಿಲಕ ಹಾಕಿಕೊಂಡರು.

ಇದಕ್ಕೆಲ್ಲ ಕಾರಣ, ಈ ವಯಸ್ಸಿನಲ್ಲಿ ನಾನು ಕಲಾ ಇತಿಹಾಸದಲ್ಲಿ ಎಂ.ಎ. ಓದುತ್ತಿರುವುದು.

ಟೆಲಿಫೋನ್ ಕಚೇರಿಗೆ ಆಪರೇಟರ್ ಆಗಿ ಸೇರಿದವಳು ನಾನು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಮುಖ ಕಾಣದವರ ದನಿಗಳನ್ನು ಒಂದಕ್ಕೊಂದು ಜೋಡಿಸಿ ಕೊಡುವುದು ಕೆಲಸ. ಲೋಂಡಾದವರಿಗೆ ಹುಬ್ಬಳ್ಳಿ, ಹುಬ್ಬಳ್ಳಿಯವರಿಗೆ ಗೋವಾ. ಕಾಲ ಬದಲಾಗಿ ಆ ಬೋರ್ಡುಗಳೇ ಹೋದವು. ನಾನೂ ಬೇರೆ ಬೇರೆ ಮೇಜುಗಳಲ್ಲಿ ಕೂತು ಕೊನೆಗೆ ಸ್ವಯಂನಿವೃತ್ತಿ ತೆಗೆದುಕೊಂಡೆ. ಮಗಳ ಮದುವೆಯೂ ಆದ ಮೇಲೆ ಮನೆಯಲ್ಲಿ ಮಧ್ಯಾಹ್ನಗಳು ಬಹಳ ಉದ್ದವಾದವು. ಕಾಲೇಜಿನ ಜಾಹೀರಾತು ಕಂಡ ದಿನ, ಸೇರುತ್ತೇನೆ ಎಂದು ಗಂಡನಿಗೆ ಹೇಳಿದೆ. ಅವರು ವಿಮಾ ಕಚೇರಿಯವರು. ಯಾವುದಕ್ಕೂ ಸುಲಭಕ್ಕೆ ಒಪ್ಪುವವರಲ್ಲ.

"ಕಲ್ಲು ನೋಡಾಕ ಎಂ.ಎ. ಯಾಕ ಬೇಕು? ಎರಡು ಕಣ್ಣು ಸಾಲೂದಿಲ್ಲೇನು?" ಎಂದರು.

ಮೊದಲ ದಿನ ನಾನು ತರಗತಿಯ ಒಳಗೆ ಕಾಲಿಟ್ಟಾಗ, ಪಾಠ ಹೇಳುವವರು ಬಂದರೆಂದು ಹುಡುಗ ಹುಡುಗಿಯರೆಲ್ಲ ಎದ್ದು ನಿಂತರು. ನಾನು ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಅವರು ಸ್ವಲ್ಪ ಹೊತ್ತು ಏನು ಮಾಡಬೇಕೆಂದು ತಿಳಿಯದೆ ನಿಂತೇ ಇದ್ದರು. ಸಂಜೆಯಷ್ಟರಲ್ಲಿ ನಾನು ಎಲ್ಲರಿಗೂ ಕಾಕೂ, ಅಂದರೆ ಚಿಕ್ಕಮ್ಮ, ಆಗಿಬಿಟ್ಟಿದ್ದೆ. ನಮ್ಮ ಮೇಡಂ ಕೂಡ ನನಗಿಂತ ಚಿಕ್ಕವರೇ. ನನ್ನನ್ನು ಗೌರವದಿಂದ "ಅಕ್ಕಾರ" ಎನ್ನುತ್ತಾರೆ. ಬರೆದದ್ದನ್ನು ತಿದ್ದುವಾಗ ಮಾತ್ರ ಅಕ್ಕ ತಂಗಿ ಏನೂ ನೋಡುವುದಿಲ್ಲ.

ಎರಡನೆಯ ಸೆಮಿಸ್ಟರಿನಲ್ಲಿ ಪ್ರತಿಯೊಬ್ಬರೂ ಒಂದು ಶಿಲ್ಪವನ್ನು ಆರಿಸಿಕೊಂಡು ಅದರ ಬಗ್ಗೆ ಸೆಮಿನಾರ್ ಕೊಡಬೇಕಾಗಿತ್ತು. ನಾನು ಹೆಚ್ಚು ಹುಡುಕಲಿಲ್ಲ. ಖಾನಾಪುರ ನನ್ನ ತವರು. ಅಲ್ಲಿಂದ ಗುಂಜಿಯ ಕಡೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ನಮ್ಮ ಮನೆದೇವರ ಹಳೆಯ ಗುಡಿಯಿದೆ. ಅದರ ಗೋಡೆಯಲ್ಲಿ ಕೈಯಲ್ಲೊಂದು ದುಂಡನೆಯ ಬಿಲ್ಲೆ ಹಿಡಿದು, ಸೊಂಟ ಬಳುಕಿಸಿ ನಿಂತ ಹೆಣ್ಣೊಬ್ಬಳಿದ್ದಾಳೆ. ನಮ್ಮ ಮನೆಯಲ್ಲಿ ಅವಳ ಹೆಸರು ಕನ್ನಡಿ ಅಕ್ಕ. ನಾನು ಪುಸ್ತಕಗಳನ್ನು ತಿರುವಿಹಾಕಿ, 'ದರ್ಪಣ ಸುಂದರಿ, ಅಂದರೆ ಕನ್ನಡಿಯಲ್ಲಿ ತನ್ನ ಚೆಲುವನ್ನು ತಾನೇ ನೋಡಿ ಮೈಮರೆತವಳು' ಎಂದು ಪುಟಗಟ್ಟಲೆ ಬರೆದೆ. ಬರೆಯುತ್ತ ಸ್ವಲ್ಪ ನಾನೂ ಮೈಮರೆತಿದ್ದೆ.

ಮೇಡಂ ನನ್ನ ಮೊಬೈಲಿನಲ್ಲಿದ್ದ ಫೋಟೋವನ್ನು ದೊಡ್ಡದು ಮಾಡಿ ನೋಡಿದರು.

"ಅಕ್ಕಾರ, ಕನ್ನಡಿ ನೋಡಾಕತ್ತಾಳ ಅಂತ ಬರದೀರಿ. ಆಕಿ ಕಣ್ಣು ಯಾಕಡೆ ಅದಾವು?"

ಕಣ್ಣು ಕನ್ನಡಿಯ ಕಡೆ ಇರಲಿಲ್ಲ. ಹುಟ್ಟಿದಾಗಿನಿಂದ ನೋಡಿದ ಮುಖ. ಅದು ನನಗೆ ಕಂಡೇ ಇರಲಿಲ್ಲ.

"ಪುಸ್ತಕ ಮುಚ್ಚಿಡ್ರಿ. ಹೋಗಿ ಆಕಿ ಮುಂದ ಸುಮ್ಮನ ಕುಂತು ಬರ್ರಿ," ಎಂದರು.

ಮನೆಗೆ ಬಂದವಳೇ ಚೀಲವನ್ನು ಸೋಫಾದ ಮೇಲೆ ಒಗೆದು, "ನಾಳಿಂದ ನಾ ಹೋಗೂದಿಲ್ಲ" ಎಂದು ಘೋಷಿಸಿ, ನಡೆದದ್ದನ್ನೆಲ್ಲ ಹೇಳಿದೆ. 'ನಾ ಮೊದಲೇ ಹೇಳಿದ್ದೆ' ಎಂಬ ಮಾತಿಗಾಗಿ ಕಾದೆ. ಗಂಡ ಫೋಟೋವನ್ನೇ ಆ ಕಡೆ ಈ ಕಡೆ ತಿರುಗಿಸಿ ನೋಡುತ್ತಿದ್ದರು.

"ಕನ್ನಡಿ ನೋಡಾಕತ್ತಿಲ್ಲಂದ್ರ ಮತ್ತ ಏನ್ ಮಾಡಾಕತ್ತಾಳ? ಬಿಟ್ರ ಹೆಂಗ? ರವಿವಾರ ಹೋಗೂಣು ನಡಿ."

ಭಾನುವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಹೊರಟೆವು. ಖಾನಾಪುರ ದಾಟಿ ಕಾಡಿನ ತಂಪು ಮುಖಕ್ಕೆ ಬಡಿಯತೊಡಗಿದಾಗ ಸೆಮಿನಾರಿನ ಚಿಂತೆ ಅರ್ಧ ಇಳಿದುಹೋಯಿತು. ಗುಡಿಯಲ್ಲಿ ಕನ್ನಡಿ ಅಕ್ಕನ ಎದುರು ಕಟ್ಟೆಯ ಮೇಲೆ ಕೂತೆವು. ಶಿಲ್ಪವನ್ನು ಸುಮ್ಮನೆ ನೋಡುವುದು ಬಹಳ ಕಷ್ಟದ ಕೆಲಸ. ಮೊದಲು ತೂಕಡಿಕೆ ಬರುತ್ತದೆ, ಆಮೇಲೆ ಹಸಿವಾಗುತ್ತದೆ, ಆಮೇಲೆ ಒಲೆ ಆರಿಸಿದೆನೋ ಇಲ್ಲವೋ ಎಂಬ ಸಂಶಯ. ಅದೆಲ್ಲ ಕಳೆದ ಮೇಲೆ ಕಲ್ಲು ನಿಧಾನವಾಗಿ ಹತ್ತಿರ ಬರುತ್ತದೆ. ಅವಳ ಇನ್ನೊಂದು ಕೈ ಮಣಿಕಟ್ಟಿನಲ್ಲಿ ಮುರಿದಿತ್ತು. ಬಿಲ್ಲೆಗೆ ಕನ್ನಡಿಯ ಹಿಡಿಕೆ ಇರಲಿಲ್ಲ. ಅವಳ ಪಕ್ಕದಲ್ಲಿ ಸವೆದುಹೋದ ಸಣ್ಣ ಮದ್ದಳೆಗಾರನೊಬ್ಬನಿದ್ದ.

ಗಂಡ ಎದ್ದು ಬುತ್ತಿ ಡಬ್ಬಿಯ ಸ್ಟೀಲ್ ಮುಚ್ಚಳ ತೆಗೆದುಕೊಂಡರು. ಅವಳ ಹಾಗೆಯೇ ಮೊಣಕಾಲು ಮಡಿಸಿ, ಸೊಂಟವನ್ನು ಒಂದು ಕಡೆ ನೂಕಿ, ತಲೆ ವಾಲಿಸಿ ನಿಂತರು. ಶಾಸ್ತ್ರದಲ್ಲಿ ಇದಕ್ಕೆ ತ್ರಿಭಂಗಿ ಎನ್ನುತ್ತಾರೆ, ಮೈ ಮೂರು ಕಡೆ ಬಳುಕುವುದು. ಅವರ ಹೊಟ್ಟೆಯ ದೆಸೆಯಿಂದ ನಾಲ್ಕನೆಯ ಬಳುಕೂ ಸೇರಿಕೊಂಡಿತ್ತು.

"ಮಾರಿ ಕಾಣಸಾಕತ್ತೈತೇನ್ರಿ?" ಎಂದೆ.

"ಇಲ್ಲ. ಈ ಮುಚ್ಚಳದಾಗ ಬರೇ ಮಾಳಗಿ ಕಾಣತೈತಿ."

ಅಷ್ಟರಲ್ಲಿ ಹೂ ಹಿಡಿದು ಬಂದ ಇಬ್ಬರು ಹೆಂಗಸರು ಗಾಬರಿಯಾಗಿ ನಿಂತರು. "ಕಾಯ್ ಝಾಲಂ ಕಾಕಾಂನಾ?" ಎಂದು ಒಬ್ಬಳು ಮರಾಠಿಯಲ್ಲಿ ನನ್ನನ್ನು ಕೇಳಿದಳು. ಕಾಕಾನಿಗೆ ಏನಾಯಿತೆಂದು ಹೇಳುವುದು ಹೇಗೆ? ನಾನು ನಗು ತಡೆಯಲಾರದೆ ಕಟ್ಟೆಯ ಮೇಲೆಯೇ ಕುಸಿದೆ. ಅವರೂ ನಕ್ಕರು. ಗಂಡ ಮಾತ್ರ ಮೈ ಅಲುಗಿಸದೆ ಗಂಭೀರವಾಗಿ ನಿಂತೇ ಇದ್ದರು.

ಆ ವಾಲಿದ ತಲೆಯನ್ನು ನೋಡುತ್ತಿದ್ದಂತೆ ನನಗೆ ಹೊಳೆಯಿತು. ಅದು ನೋಡುವವರ ತಲೆಯಲ್ಲ, ಕೇಳುವವರ ತಲೆ! ದೂರದ ಸಣ್ಣ ದನಿಯನ್ನು ಹಿಡಿಯಲು ನಾವು ಆಪರೇಟರುಗಳೆಲ್ಲ ಹಾಗೆಯೇ ತಲೆ ವಾಲಿಸಿ, ಕಣ್ಣು ಅರೆಮುಚ್ಚಿ ಕೂರುತ್ತಿದ್ದೆವು. ಅವಳ ಕೈಯಲ್ಲಿದ್ದದ್ದು ತಾಳ. ಇನ್ನೊಂದು ತಾಳ ಮುರಿದ ಕೈಯ ಜೊತೆಗೇ ಹೋಗಿದೆ. ಪಕ್ಕದವನ ಮದ್ದಳೆಯ ಪೆಟ್ಟಿಗಾಗಿ ಅವಳು ಕಾಯುತ್ತಿದ್ದಾಳೆ. ಗುಡಿಯಲ್ಲಿ ನಿಂತು ನಾನು ಅದನ್ನು ಜೋರಾಗಿಯೇ ಹೇಳಿಬಿಟ್ಟೆ. ಅಷ್ಟು ಖುಷಿ ನನಗೆ ಯಾವ ಬಡ್ತಿಯಲ್ಲಿಯೂ ಆಗಿರಲಿಲ್ಲ.

ಸೆಮಿನಾರಿನಲ್ಲಿ ನನ್ನ ಮಾತು ಮುಗಿಯುತ್ತಿದ್ದಂತೆ ತರಗತಿ ಎರಡು ಪಕ್ಷವಾಯಿತು. ಕನ್ನಡಿಯೇ ಎಂದು ಅರ್ಧ ಜನ, ತಾಳವೇ ಎಂದು ಅರ್ಧ ಜನ.

"ಆಗಬಹುದು, ಆಗದೇನೂ ಇರಬಹುದು," ಎಂದರು ಮೇಡಂ. "ಎಲ್ಲಾರೂ ಹೋಗಿ ನೋಡೂಣು."

ಮುಂದಿನ ವಾರ ಇಡೀ ತರಗತಿ ರೈಲು ಹತ್ತಿ ಖಾನಾಪುರದಲ್ಲಿ ಇಳಿದು, ಟೆಂಪೋ ಮಾಡಿಕೊಂಡು ಆ ಗುಡಿಗೆ ಬಂದಿತು. ಎಲ್ಲರೂ ಸಾಲಾಗಿ ನಿಂತು ತಲೆ ವಾಲಿಸಿದರು. ಪೂಜಾರಿಗಳು ಒಳಗಿನಿಂದ ಬಂದು, "ಎಲ್ಲಾರ್ದೂ ಒಮ್ಮೆಲೇ ಕುತ್ತಿಗಿ ಉಳುಕೇತೇನ್ರಿ?" ಎಂದು ಕೇಳಿದರು.

ಜಗಳ ಗುಡಿಯಲ್ಲಿ ಮುಗಿಯಲಿಲ್ಲ, ಟೆಂಪೋದಲ್ಲೂ ಮುಗಿಯಲಿಲ್ಲ. ಖಾನಾಪುರ ಸ್ಟೇಷನ್ನಿನ ಬೆಂಚುಗಳ ಮೇಲೆ ರೈಲಿಗಾಗಿ ಕಾಯುತ್ತ ಇನ್ನೂ ಜೋರಾಯಿತು. ಅವಳು ಅಹಂಕಾರಿ ಎಂದು ಒಬ್ಬ, ಪಾಪ ಅವಳು ತನ್ನ ಪಾಡಿಗೆ ತಾಳ ಹಾಕುವವಳು ಎಂದು ಇನ್ನೊಬ್ಬಳು, ಆ ಮದ್ದಳೆಯವನ ಮೇಲೆಯೇ ಅವಳ ಕಣ್ಣು ಎಂದು ಮತ್ತೊಬ್ಬಳು. ಪಕ್ಕದಲ್ಲಿ ಗಂಟು ಇಟ್ಟುಕೊಂಡು ಕೂತಿದ್ದ ಒಬ್ಬ ಅಜ್ಜಿ ಬಹಳ ಹೊತ್ತು ಕೇಳಿ ಕೇಳಿ, ತಡೆಯಲಾರದೆ ನನ್ನ ಮೊಣಕೈ ತಿವಿದರು.

"ಯಾರ ಮನಿ ಹೆಣ್ಣಮಗಳ ಸುದ್ದಿ ಯವ್ವಾ ಇದು?"

"ಎಂಟುನೂರು ವರ್ಷದ ಹಿಂದಿನಾಕಿ ಅಜ್ಜಿ. ಕಲ್ಲಿನಾಕಿ," ಎಂದೆ.

"ಹಂಗಾರ ಈಗ್ಯಾಕ ಆಕಿ ಉಸಾಬರಿ ನಿಮಗ?"

ಇಷ್ಟು ನೇರವಾದ ಪ್ರಶ್ನೆಯನ್ನು ಪ್ರವೇಶದ ಸಂದರ್ಶನದಲ್ಲಿಯೂ ಯಾರೂ ಕೇಳಿರಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. "ಭಾಳ ಚಂದ ಅದಾಳ ಅಜ್ಜಿ," ಎಂದೆ. ನನಗೆ ಗೊತ್ತಿದ್ದ ಉತ್ತರ ಅಷ್ಟೇ.

ಅಜ್ಜಿಗೆ ಅದು ಸಾಕಾಯಿತು. ಗಂಟನ್ನು ಕೆಳಗಿಳಿಸಿ ನನ್ನತ್ತ ಸರಿದು ಕೂತು, ದನಿ ತಗ್ಗಿಸಿ ಕೇಳಿದರು: "ಗಂಡ ಇದ್ದನೇನು ಆಕಿಗೆ?"

ಮೇಡಂ ಚೀಲದಿಂದ ನೋಟ್‌ಬುಕ್ ತೆಗೆದು ಪ್ರಶ್ನೆಯನ್ನು ಬರೆದುಕೊಂಡರು. ಈ ಬಗ್ಗೆ ನಾವು ಯಾರೂ ಯೋಚಿಸಿಯೇ ಇರಲಿಲ್ಲ.