ಅತ್ತೆಯ ಬಚ್ಚಲಿಗೆ ಬಂದ ಹಳೇ ಹಬ್

ನಮ್ಮ ಯಜಮಾನರಿಗೆ ಕುಡಿತ, ಇಸ್ಪೀಟು ಯಾವ ಚಟವೂ ಇಲ್ಲವೆಂದು ನನ್ನ ತವರಿನವರು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಾರೆ. ಅವರು ನಮ್ಮ ಮನೆಯ ಗೋಡೆಗಳನ್ನು ಸರಿಯಾಗಿ ನೋಡಿಲ್ಲ, ಅಷ್ಟೇ. ಇವರು ವೈಟ್‌ಫೀಲ್ಡಿನ ಕಾರ್ಖಾನೆಯೊಂದರಲ್ಲಿ ಮೆಷಿನ್ ರಿಪೇರಿ ನೋಡಿಕೊಳ್ಳುವ ಸೂಪರ್‌ವೈಸರ್. ಅಲ್ಲಿ ಕೆಟ್ಟದ್ದನ್ನು ಸರಿಮಾಡಿ, ಮನೆಗೆ ಬಂದು ಸರಿಯಿರುವುದಕ್ಕೆ ಕೈ ಹಾಕುತ್ತಾರೆ.

ವರ್ತೂರಿನಲ್ಲಿ ನಮ್ಮದು ಹಳೆಯ ಮನೆ. ಪಕ್ಕದಲ್ಲಿ ದನದ ಕೊಟ್ಟಿಗೆಯಿದ್ದ ಜಾಗದಲ್ಲಿ ನಾವೇ ನಾಲ್ಕಂತಸ್ತಿನ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದೇವೆ. ಅದು ಎದ್ದ ಮೇಲೆ ನಮ್ಮ ಮನೆಯ ಹಿಂಬದಿಯ ಪ್ಯಾಸೇಜಿಗೆ ಮಟಮಟ ಮಧ್ಯಾಹ್ನವೂ ಕತ್ತಲೆ. ಬೇರೆ ಯಾರಾದರೂ ಕಟ್ಟಿದ್ದರೆ ಜಗಳವಾದರೂ ಆಡಬಹುದಿತ್ತು.

ಆ ಪ್ಯಾಸೇಜು ನಮ್ಮತ್ತೆಯ ಕೋಣೆಯಿಂದ ಬಚ್ಚಲಿಗೆ ಹೋಗುವ ದಾರಿ. ಅವರಿಗೆ ಎಪ್ಪತ್ತೆಂಟು ವರ್ಷ. ಜಾರಿ ಬಿದ್ದು ಸೊಂಟದ ಮೂಳೆ ಮುರಿದು, ರಾಡು ಹಾಕಿಸಿಕೊಂಡು, ಕೈಯಲ್ಲಿ ವಾಕರ್ ಹಿಡಿದು ಆಸ್ಪತ್ರೆಯಿಂದ ಬಂದ ದಿನ ಒಂದೇ ಮಾತು ಹೇಳಿದರು: "ಬಚ್ಚಲಿಗೋಗಕ್ಕೆ ಇನ್ನೊಬ್ರ ಕೈ ಇಡ್ಕೊಳ್ಳೋ ಅಂಗಾದ್ರೆ, ಅವತ್ತಿಗೆ ನನ್ ಕತೆ ಮುಗೀತು ಅನ್ಕೊಳಿ." ಇದು ಬರೀ ಬಾಯಿಮಾತಲ್ಲ. ಅದು ಮಾಡು, ಇದು ಮಾಡು ಎಂದು ಆಜ್ಞೆ ಕೊಡುವುದರಲ್ಲಿ ನಮ್ಮತ್ತೆ ಎತ್ತಿದ ಕೈ. ಆದರೆ ತನಗಾಗಿ ಏನನ್ನೂ ಕೇಳಿದವರಲ್ಲ. ನಾನು ಈ ಮನೆಗೆ ಬಂದು ಇಪ್ಪತ್ತಾರು ವರ್ಷವಾಯಿತು, ಒಂದು ದಿನ ಕಾಲು ಒತ್ತು ಅಂದದ್ದಿಲ್ಲ.

ಎರಡೂ ಕೈ ವಾಕರಿನ ಮೇಲಿದ್ದರೆ ಸ್ವಿಚ್ ಒತ್ತುವುದು ಹೇಗೆ? ಯಜಮಾನರಿಗೆ ಇಂಥ ಪ್ರಶ್ನೆ ಸಿಕ್ಕಿದರೆ ಹಬ್ಬದೂಟ. ಅಂಗೈಯಗಲದ ಒಂದು ಬಿಳಿ ಡಬ್ಬಿ ತಂದು ಟೀವಿ ಪಕ್ಕ ಇಟ್ಟರು. ಅದರ ಹೆಸರು ಹಬ್. ಮನೆಯ ಲೈಟು, ಫ್ಯಾನು, ಬೋರ್‌ವೆಲ್ ಮೋಟರು ಎಲ್ಲವೂ ಅದು ಹೇಳಿದಂತೆ ಕೇಳಬೇಕು. ಪ್ಯಾಸೇಜಿನ ಗೋಡೆಯಲ್ಲಿ ಸೊಂಟದೆತ್ತರಕ್ಕೆ ಒಂದು ಪುಟ್ಟ ಸೆನ್ಸರ್ ಅಂಟಿಸಿದರು. ಅತ್ತೆ ಅದರ ಮುಂದೆ ಬಂದರೆ ಅದು ಹಬ್ಬಿಗೆ ತಿಳಿಸುತ್ತದೆ, ಹಬ್ ದೀಪ ಹೊತ್ತಿಸುತ್ತದೆ, ಐದು ನಿಮಿಷಕ್ಕೆ ಆರಿಸುತ್ತದೆ. "ಇನ್ನು ಸ್ವಿಚ್ಚೇ ಬೇಡ" ಎಂದು ಗೋಡೆಯ ಸ್ವಿಚ್ಚನ್ನೂ ಕಿತ್ತುಹಾಕಿಸಿದರು. ನನಗೆ ಮೈಯೆಲ್ಲ ಉರಿಯಿತು. ಆದರೂ ಸುಳ್ಳು ಹೇಳಬಾರದು, ಒಂದು ವರ್ಷ ಅದು ಚೆನ್ನಾಗಿ ನಡೆಯಿತು. ಅತ್ತೆ ಯಾರನ್ನೂ ಕರೆಯದೆ ಹೋಗಿಬಂದರು.

ಆಯುಧಪೂಜೆಯ ಮಾರನೇ ದಿನ ದೀಪ ಹೊತ್ತಲಿಲ್ಲ.

ಯಜಮಾನರು ಹಬ್ಬನ್ನು ಆರಿಸಿ ಮತ್ತೆ ಹಾಕಿದರು, ವೈಫೈ ಆರಿಸಿ ಮತ್ತೆ ಹಾಕಿದರು, ಸೆನ್ಸರಿನ ಬೆನ್ನು ತೆಗೆದು ಹೊಸ ಬ್ಯಾಟರಿ ತುಂಬಿದರು. ಕಸ್ಟಮರ್ ಕೇರಿನವರು ನಯವಾಗಿ ಮಾತಾಡಿ, ಮತ್ತೆ ಆರಿಸಿ ಹಾಕಲು ಹೇಳಿದರು. ಕೊನೆಗೆ "ಹಬ್ಬಿಗೆ ವಯಸ್ಸಾಯ್ತು" ಎಂದು ತೀರ್ಪು ಕೊಟ್ಟು ಇವರು ಹೊಸದಕ್ಕೆ ಆರ್ಡರ್ ಹಾಕಿದರು. ಆ ಮುಖದಲ್ಲಿ ದುಃಖ ನನಗಂತೂ ಕಾಣಲಿಲ್ಲ.

ಅಲ್ಲಿಯವರೆಗೆ ಆ ದೀಪ ಹೊತ್ತಿಸುವ ಅಧಿಕಾರ ಇವರ ಫೋನಿಗೆ ಮಾತ್ರ. ನನ್ನ ಫೋನಿಗೂ ಹಾಕಿಕೊಡಿ ಎಂದರೆ, "ನೀನು ಏನೇನೋ ಒತ್ಬಿಡ್ತೀಯ" ಎಂದರು. ಹೀಗಾಗಿ ವರ್ತೂರಿನ ಮುದುಕಿಯೊಬ್ಬರು ಬಚ್ಚಲಿಗೆ ಹೋಗಬೇಕಾದರೆ ವೈಟ್‌ಫೀಲ್ಡಿನ ಕಾರ್ಖಾನೆಯ ಅಪ್ಪಣೆ ಬೇಕಾಯಿತು.

"ರೀ, ಅತ್ತೆ ಹೊರಟಿದಾರೆ. ಲೈಟ್ ಹಾಕ್ರಿ."

"ಮೀಟಿಂಗಲ್ಲಿದೀನಿ ಕಣೇ, ಎರಡು ನಿಮಿಷ."

"ಎರಡು ನಿಮಿಷ ತಡ್ಕೊಳಿ ಅಂತ ನಿಮ್ಮಮ್ಮಂಗೆ ನೀವೇ ಹೇಳ್ರಿ!"

ಇದೆಲ್ಲ ಅತ್ತೆಯ ಕಿವಿಗೆ ಬೀಳುತ್ತಿತ್ತು. ಟಾರ್ಚ್ ಹಿಡಿದು ಜೊತೆಗೆ ಬರುತ್ತೇನೆ ಎಂದರೆ, "ನಾನೇನು ಮದುವಣಗಿತ್ತಿಯಾ, ದೀಪ ಇಡ್ಕೊಂಡು ಕರ್ಕೊಂಡೋಗಕ್ಕೆ?" ಎಂದು ನನ್ನನ್ನು ಅಟ್ಟುತ್ತಿದ್ದರು.

ಹೊಸ ಹಬ್ ಬಂತು. ಇನ್ನೂ ತೆಳ್ಳಗೆ, ಇನ್ನೂ ಬೆಳ್ಳಗೆ. ಯಜಮಾನರು ಅವಸರದಲ್ಲಿ ಹಳೆಯದರ ನೆನಪನ್ನೆಲ್ಲ ಅಳಿಸಿಬಿಟ್ಟಿದ್ದರು. ಅಳಿಸುವ ಮುಂಚೆ ಲೈಟು, ಫ್ಯಾನು ಒಂದೊಂದನ್ನೂ ಹಳೆಯದರಿಂದ ಬಿಡಿಸಬೇಕಿತ್ತಂತೆ. ಈಗ ಅವೆಲ್ಲ ಹಳೇ ಯಜಮಾನನನ್ನೇ ಕಾಯುತ್ತಾ ಕೂತವು. ಭಾನುವಾರವಿಡೀ ಇವರು ಏಣಿ ಹತ್ತಿ, ಪ್ರತಿಯೊಂದರ ಸಣ್ಣ ತೂತಿಗೆ ನನ್ನ ಸೀರೆಯ ಪಿನ್ನು ಚುಚ್ಚಿ ಹೊಸ ಹಬ್ಬಿಗೆ ಒಪ್ಪಿಸಿದರು. ಸಂಜೆಗೆ ಫ್ಯಾನು ತಿರುಗಿತು, ಮೋಟರು ಓಡಿತು. ಪ್ಯಾಸೇಜಿನ ದೀಪ ಮಾತ್ರ ಫೋನಿನಿಂದ ಹೊತ್ತುತ್ತಿತ್ತೇ ಹೊರತು ಅತ್ತೆ ಬಂದರೆ ಹೊತ್ತಲಿಲ್ಲ.

"ಸೆನ್ಸರ್ ಹಳೇದು, ಹೊಸದಕ್ಕೆ ಹೊಂದಲ್ಲ. ಅದನ್ನೂ ಬದಲಾಯಿಸ್ಬೇಕು" ಎಂದರು.

ಆ ವಾರವೇ ನಾನು ಅತ್ತೆಯ ತಾಮ್ರದ ಚೊಂಬನ್ನು ಗಮನಿಸಿದ್ದು. ಬೆಳಿಗ್ಗೆ ತುಂಬಿಸಿಟ್ಟ ನೀರು ಸಂಜೆಗೂ ಕಂಠಮಟ್ಟ ಹಾಗೇ ಇತ್ತು. ಮಾರನೇ ದಿನವೂ ಹಾಗೇ.

"ನೀರು ಕುಡೀರಿ ಅತ್ತೆ."

"ದಾಹ ಇಲ್ಲ ಕಣಮ್ಮ."

ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಕುಡಿದರೆ ಹೋಗಬೇಕಾಗುತ್ತದೆ, ಹೋಗಬೇಕಾದರೆ ಕೇಳಬೇಕಾಗುತ್ತದೆ, ಅದಕ್ಕೇ ಕುಡಿಯುತ್ತಿರಲಿಲ್ಲ. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ಇವರ ಮೇಲೆ, ಆ ಡಬ್ಬಿಗಳ ಮೇಲೆ, ಹೇಳದೆ ಬಾಯಿ ಕಟ್ಟಿಕೊಂಡು ಕೂತ ಈ ಹಟಮಾರಿ ಹೆಂಗಸಿನ ಮೇಲೂ. ಸೀದಾ ಪ್ಯಾಸೇಜಿಗೆ ಹೋಗಿ, ಇದನ್ನು ಕಿತ್ತು ಚರಂಡಿಗೆ ಎಸೆಯುತ್ತೇನೆಂದು ಸೆನ್ಸರಿಗೆ ಕೈ ಹಾಕಿದೆ. ಬೆರಳು ಕೆಂಪಾಯಿತು.

ಅದರ ಕಣ್ಣಿನ ತುಂಬ ಅರಿಶಿನ ಕುಂಕುಮ ಮೆತ್ತಿತ್ತು. ಕಲಸಿ, ದಪ್ಪಗೆ, ಮೇಲೆ ಎರಡು ಅಕ್ಕಿಕಾಳನ್ನೂ ಅಂಟಿಸಿ ಇಟ್ಟ ಬೊಟ್ಟು. ಆಯುಧಪೂಜೆಗೆ ನಮ್ಮಲ್ಲಿ ಕಾರು, ಮೋಟರು, ಮಿಕ್ಸಿ, ಈಳಿಗೆ ಎಲ್ಲಕ್ಕೂ ಬೊಟ್ಟು ಬೀಳುತ್ತದೆ. ಬೊಟ್ಟಿಲ್ಲದ ವಸ್ತುವಿದ್ದರೆ ಕಣ್ಣಿಗೆ ಬೀಳುತ್ತಿತ್ತು, ಇದ್ದದ್ದನ್ನು ಯಾರು ನೋಡುತ್ತಾರೆ? ಒದ್ದೆ ಸೆರಗಿನಿಂದ ಒರೆಸಿದೆ. ತಲೆಯ ಮೇಲೆ ದೀಪ ಹೊತ್ತಿಕೊಂಡಿತು.

"ಅತ್ತೆ, ಇದಕ್ಯಾಕೆ ಬೊಟ್ಟಿಟ್ರಿ?"

"ಮೋಟ್ರುಗಿಟ್ರಿ, ಮಿಕ್ಸಿಗಿಟ್ರಿ. ದಿನಾ ನಂಗೆ ದಾರಿ ತೋರ್ಸದು ಅದು. ಅದಕ್ಕೊಂದು ಇಡ್ಬ್ಯಾಡ್ವಾ?"

ಸಂಜೆ ಯಜಮಾನರಿಗೆ ಕೆಂಪು ಸೆರಗು ತೋರಿಸಿದೆ. ಅವರು ಕುರ್ಚಿಯಲ್ಲಿ ಕುಸಿದು ಕೂತು, "ಫ್ಯಾಕ್ಟರೀಲಿ ಪ್ರತಿವರ್ಷ ಹುಡುಗರಿಗೆ ನಾನೇ ಬಯ್ತೀನಿ ಕಣೇ, ಸೆನ್ಸರ್ ಮೇಲೆ ಕುಂಕುಮ ಹಚ್ಬೇಡ್ರೋ ಅಂತ" ಎಂದರು. ನಾನು ಬಿದ್ದು ಬಿದ್ದು ನಕ್ಕೆ.

ಅಂದರೆ ಹಳೆಯ ಹಬ್ ಯಾವ ತಪ್ಪೂ ಮಾಡಿರಲಿಲ್ಲ. ಇವರು ಅದನ್ನು ಅಟ್ಟಕ್ಕೆ ಎಸೆಯಲು ಹೊರಟಾಗ ನಾನು ಅಡ್ಡ ನಿಂತೆ. ಅತ್ತೆ ಬಚ್ಚಲಲ್ಲಿ ಬಿದ್ದರೆ ಅಡುಗೆಮನೆಗೆ ಕೇಳುವುದಿಲ್ಲ, ಅದಕ್ಕೊಂದು ದಾರಿ ಮಾಡಿ ಎಂದೆ. ತಪ್ಪಿತಸ್ಥ ಗಂಡ ಬಲು ಬೇಗ ಕೆಲಸ ಮಾಡುತ್ತಾನೆ. ಹಳೇ ಡಬ್ಬಿಯನ್ನು ಅಡುಗೆಮನೆಯಲ್ಲಿ ಮಿಕ್ಸಿ ಪಕ್ಕ ಕೂರಿಸಿ, ಬಚ್ಚಲ ಗೋಡೆಗೆ ಒಂದು ಬಟನ್ ಅಂಟಿಸಿದರು. ಮೊದಲ ಸಲ ಒತ್ತಿದಾಗ ಡಬ್ಬಿ ಕಳ್ಳ ನುಗ್ಗಿದಂತೆ ಅರಚಿ, ಬಾಡಿಗೆಯವರೆಲ್ಲ ಬಾಲ್ಕನಿಗೆ ಬಂದರು. ಆಮೇಲೆ ಸದ್ದು ತಗ್ಗಿಸಿ, ಒಂದು ಸಣ್ಣ ಗಂಟೆಯ ಸದ್ದಿಗೆ ಇಳಿಸಿದರು.

ಅತ್ತೆ ಬಟನ್ನನ್ನು ಕೆಕ್ಕರಿಸಿ ನೋಡಿದರು. "ಬಚ್ಚಲಲ್ಲಿ ಯಾರಾದ್ರೂ ಗಂಟೆ ಕಟ್ತಾರಾ? ದೇವಸ್ಥಾನವಾ ಇದು?"

ಒಂದು ತಿಂಗಳು ಅದನ್ನು ಮುಟ್ಟಲಿಲ್ಲ. ನಾನೂ ಆ ಡಬ್ಬಿಯ ಮೇಲೆ ಕರಿಬೇವಿನ ತಟ್ಟೆ ಇಟ್ಟುಕೊಳ್ಳಲು ಶುರುಮಾಡಿದೆ.

ಒಂದು ಸೋಮವಾರ ಬೆಳಿಗ್ಗೆ ಒಗ್ಗರಣೆಗೆ ಎಣ್ಣೆ ಕಾಯಿಸುತ್ತಿದ್ದೆ. ಗಂಟೆ ಹೊಡೆಯಿತು. ಒಲೆ ಆರಿಸಿ ಓಡಿದೆ. ಓಡುವಷ್ಟರಲ್ಲೇ ರಕ್ತ, ಆಂಬ್ಯುಲೆನ್ಸು, ಎಲ್ಲವನ್ನೂ ಮನಸ್ಸಿನಲ್ಲಿ ಕಂಡುಬಿಟ್ಟಿದ್ದೆ. ಬಾಗಿಲು ತಳ್ಳಿದರೆ ಅತ್ತೆ ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದರು, ನನ್ನ ಕಡೆ ಬೆನ್ನು ಮಾಡಿ.

"ಬಿದ್ರಾ ಅತ್ತೆ?"

"ಬೀಳಕ್ಕೇನು ಬಂದದೆ ನಂಗೆ?"

ಮಗ್ಗನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದರು.

"ಬೆನ್ನು ಎಟಕ್ತಿಲ್ಲ ಕಣಮ್ಮ" ಎಂದರು ಗೋಡೆಗೆ. "ಬಾಯ್ಬಿಟ್ಟು ಕೂಗಿದ್ರೆ ಮನೇಗೆಲ್ಲ ಕೇಳ್ತದೆ. ಇದಾದ್ರೆ ನಿಂಗೊಬ್ಳಿಗೆ."

ನಾನು ಸೀರೆ ಎತ್ತಿ ಕಟ್ಟಿ ಅವರ ಹಿಂದೆ ಕುಕ್ಕರುಗಾಲಲ್ಲಿ ಕೂತೆ. ಇಷ್ಟು ವರ್ಷ ನನ್ನನ್ನು ನಡುಗಿಸಿದ ಹೆಂಗಸಿನ ಬೆನ್ನು ಇಷ್ಟು ಸಣ್ಣದೆಂದು ಗೊತ್ತಿರಲಿಲ್ಲ. ಎಲ್ಲಿ ನೋಯುವುದೋ ಎಂದು ಸೋಪು ಹಚ್ಚಿ ಮೆಲ್ಲಗೆ, ತೀರಾ ಮೆಲ್ಲಗೆ ಕೈಯಾಡಿಸಿದೆ.

"ಜೋರಾಗಿ ಉಜ್ಜಮ್ಮ" ಎಂದರು ಅತ್ತೆ. "ನನ್ ಮೇಲೆ ಕ್ವಾಪ ಬಂದಾಗ ಪಾತ್ರೆ ಉಜ್ತೀಯಲ್ಲ, ಅಂಗೆ."